ಐನೂರು ಕುದುರೆ, ಒಂದು ಎಡಗಾಲು

ನನ್ನ ಬೂಟುಗಳಲ್ಲಿ ಯಾವಾಗಲೂ ಎಡಗಾಲಿನದೇ ಮೊದಲು ಸವೆಯುತ್ತದೆ. ಬಲಗಾಲಿನದು ಇನ್ನೂ ಒಂದು ವರ್ಷ ಬಾಳುವಂತಿರುವಾಗಲೇ ಎಡಗಾಲಿನ ಅಟ್ಟೆ ಹೆಬ್ಬೆರಳಿನ ಬುಡದಲ್ಲಿ ತೆಳ್ಳಗಾಗಿ, ನಿಂತ ನೆಲ ಬಿಸಿಯೋ ತಂಪೋ ತಿಳಿಯತೊಡಗುತ್ತದೆ. ಕಳೆದ ವಾರ ವಿಜಯಪುರದ ಜೋರಾಪುರ ಪೇಟೆಯ ನಮ್ಮ ಓಣಿಯ ಮೂಲೆಯಲ್ಲಿ ಚಪ್ಪಲಿ ಹೊಲಿಯುವ ಭೀಮಣ್ಣ ಅದನ್ನು ತಿರುಗಿಸಿ ನೋಡಿ, "ಸಾಹೇಬ್ರ, ನಿಮ್ಮ ಎಡಗಾಲಿಗೆ ಬಲಗಾಲಿಗಿಂತ ಹತ್ತು ವರ್ಷ ವಯಸ್ಸು ಜಾಸ್ತಿ ಆಗೇತಿ ನೋಡ್ರಿ" ಎಂದ. ತಪ್ಪು ಹೇಳಲಿಲ್ಲ.

ನನ್ನ ಬಲಗಾಲು ಎಲ್ಲರ ಕಾಲಿನಂತೆ ನಡೆದಿದೆ, ಅಷ್ಟೇ. ಎಡಗಾಲು ದುಡಿದಿದೆ. ಹದಿನೇಳು ವರ್ಷ ಸೈನ್ಯದ ಲಾರಿಗಳ ಕ್ಲಚ್ಚು ತುಳಿಯಿತು. ಆ ಕಾಲದ ಲಾರಿಗಳಲ್ಲಿ ಒಂದು ಗೇರು ಬದಲಿಸಲು ಎರಡು ಸಲ ಕ್ಲಚ್ಚು ತುಳಿಯಬೇಕಿತ್ತು. ಊರಿಗೆ ಮರಳಿ ವಿಜಯಪುರದಲ್ಲಿ ಇಪ್ಪತ್ತೆಂಟು ವರ್ಷ ಡ್ರೈವಿಂಗ್ ಸ್ಕೂಲು ನಡೆಸಿದೆ. ಕಲಿಸುವವನು ಕೂಡುವ ಎಡ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಕಲಿಯುವವನು ಮರೆತದ್ದನ್ನೆಲ್ಲ ಕಲಿಸುವವನ ಕಾಲು ನೆನಪಿಟ್ಟುಕೊಂಡು ತುಳಿಯಬೇಕು. ಹೀಗಾಗಿ ಇಂದಿಗೂ ನಾನು ಬಸ್ಸಿನಲ್ಲಿ ಕೂತಿರುವಾಗ ಎದುರಿಗೆ ಎಮ್ಮೆ ಬಂತೆಂದರೆ ನನ್ನ ಕಾಲು ಬಸ್ಸಿನ ತಗಡನ್ನು ತುಳಿಯುತ್ತದೆ. ಒಮ್ಮೆ ಬಬಲೇಶ್ವರಕ್ಕೆ ಮದುವೆಗೆ ಹೋಗುವಾಗ ಮುಂದಿನ ಸೀಟಿನ ಕೆಳಗೆ ಯಾರೋ ಇಟ್ಟಿದ್ದ ಬಾಳೆಹಣ್ಣಿನ ಚೀಲ ತುಳಿದುಬಿಟ್ಟೆ. ಚೀಲದ ಒಡತಿ ಹೊರಳಿ, "ಯಾಕ್ರೀ ಅಜ್ಜಾರ, ಬಸ್ಸು ನೀವು ನಿಂದ್ರಸಾಕತ್ತೀರೇನು?" ಎಂದಳು. ಪಕ್ಕದಲ್ಲಿದ್ದ ನನ್ನ ಹೆಂಡತಿ ನನ್ನ ಪರವಾಗಿ ಮಾತಾಡಬಾರದೆ? "ಮನ್ಯಾಗ ಸೋಫಾದ ಮ್ಯಾಲೆ ಕುಂತರೂ ಹಿಂಗ ಮಾಡ್ತಾರವ್ವ" ಎಂದು ಆಕೆಯ ಕಡೆಯೇ ಸೇರಿದಳು.

ಇಂಥ ಕಾಲಿಗೆ ಈ ವರ್ಷ ನಾಲ್ಕು ತಿಂಗಳು ಕೆಲಸವಿರಲಿಲ್ಲ. ಅದಕ್ಕೆ ಕಾರಣ ನನ್ನ ಮಗಳು ಶಕುಂತಲಾ.

ಶಕ್ಕುವಿಗೆ ಈಗ ನಲವತ್ತಾರು. ಬ್ಯಾಂಕಿನಲ್ಲಿ ಕೆಲಸ, ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಅವಳ ಸಂಸಾರ. ಶಿಸ್ತು ನನ್ನಿಂದ ಕಲಿತದ್ದು, ಹಟ ಅವಳ ತಾಯಿಯಿಂದ ಬಂದದ್ದು ಎಂದು ನಾನು ಹೇಳುತ್ತೇನೆ. ಅವಳ ತಾಯಿ ಇದನ್ನು ತಿರುಗಿಸಿ ಹೇಳುತ್ತಾಳೆ. ಚಳಿಗಾಲದ ಒಂದು ಸಂಜೆ ಅವಳನ್ನು ಕೂರಿಸಿಕೊಂಡು ಬರುವಾಗ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರೊಂದು ನನಗೆ ಕಾಣಲಿಲ್ಲ. ಅವಳು "ಯಪ್ಪಾ!" ಎಂದು ಚೀರಿದ ಮೇಲೆಯೇ ಸ್ಟೇರಿಂಗು ತಿರುಗಿಸಿದೆ. ಎಡಗಡೆಯ ಕನ್ನಡಿ ಒಂದು ಹೋಯಿತು, ನಾವಿಬ್ಬರೂ ಉಳಿದೆವು. ಸುಳ್ಳು ಹೇಳಿ ಏನು ಮಾಡಲಿ, ತಪ್ಪು ನನ್ನದೇ. ಕಣ್ಣಿಗೆ ಪೊರೆ ಬಂದದ್ದು ಗೊತ್ತಿದ್ದೂ ಮುಂದಿನ ತಿಂಗಳು, ಮುಂದಿನ ತಿಂಗಳು ಎನ್ನುತ್ತಿದ್ದೆ. ನಾಲ್ಕೂವರೆಗೆ ಏಳುವ, ಐದಕ್ಕೆ ಗಾಡಿ ಒರೆಸುವ, ಆರಕ್ಕೆ ಟೈರಿನ ಗಾಳಿ ನೋಡುವ ಮನುಷ್ಯ ತನ್ನ ಕಣ್ಣನ್ನು ಮಾತ್ರ ಒರೆಸಿಕೊಂಡಿರಲಿಲ್ಲ.

ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡೆ. ಇನ್ನು ಗಾಡಿ ನಡೆಸಬಹುದೆಂದು ಡಾಕ್ಟರು ಹೇಳಿದರು, ಚೀಟಿಯಲ್ಲಿ ಬರೆದೂ ಕೊಟ್ಟರು. ಆದರೆ ನನ್ನ ಗಾಡಿಯ ಚಾವಿ ಶಕ್ಕುವಿನ ಪರ್ಸಿನಲ್ಲಿತ್ತು. ಅದು ಯಾವ ಚೀಟಿಗೂ ಹೊರಗೆ ಬರಲಿಲ್ಲ.

"ಒಮ್ಮಿ ನಡಿಸಿ ತೋರಿಸ್ತೇನಿ, ಬಾಜೂ ಕುಂದರು" ಎಂದೆ.

"ನಿನ್ನ ಗಾಡ್ಯಾಗ ಒಲ್ಲೆ. ಇಪ್ಪತ್ತು ವರ್ಷದ ಗಾಡಿ ಅದು, ಕಣ್ಣು ಕಟ್ಟಿ ಬಿಟ್ಟರೂ ನಡಿಸ್ತಿ. ಗುರ್ತಿಲ್ಲದ ಗಾಡಿ ನಡಿಸಿ ತೋರಸು, ನಾನೂ ಬಾಜೂ ಕುಂದರ್ತೇನಿ. ಪಾಸಾದ್ರ ಚಾವಿ ನಿಂದು. ಫೇಲಾದ್ರ ಗಾಡಿ ಮಾರೂದು. ಮಾತಿಲ್ಲ."

ಇಪ್ಪತ್ತೆಂಟು ವರ್ಷ ನೂರಾರು ಮಂದಿಯನ್ನು ಪಾಸು ಫೇಲು ಮಾಡಿದವನಿಗೆ ಬಂದ ಗತಿ ನೋಡಿ. ಒಪ್ಪಿಕೊಂಡೆ.

ಮೂರನೆಯ ದಿನವೇ ದಸ್ತಗೀರನ ಫೋನು ಬಂತು. ದಸ್ತಗೀರ ನನ್ನ ಹಳೆಯ ವಿದ್ಯಾರ್ಥಿ. ಹಿಂದಕ್ಕೆ ಗಾಡಿ ಬಿಡುವಾಗ ಮುಂದಕ್ಕೆ ನೋಡುವ ಚಟವಿದ್ದುದರಿಂದ ಲೈಸೆನ್ಸಿನ ಪರೀಕ್ಷೆಯಲ್ಲಿ ಮೂರು ಸಲ ನಪಾಸಾಗಿ, ನಾಲ್ಕನೆಯ ಸಲ ನನ್ನ ಮರ್ಯಾದೆ ಉಳಿಸಿದವನು. ಈಗ ತಿಕೋಟಾ ಭಾಗದಲ್ಲಿ ಅವನ ದ್ರಾಕ್ಷಿ ತೋಟಗಳಿವೆ, ಒಣದ್ರಾಕ್ಷಿ ಮಾಡುವ ದೊಡ್ಡ ಶೆಡ್ಡುಗಳಿವೆ.

"ಉಸ್ತಾದ್ರ, ಒಂದು ಸ್ಪೋರ್ಟ್ಸ್ ಕಾರ್ ತಗೋಬೇಕಂತ ಮಾಡೇನಿ. ಕಂಪನ್ಯಾವ್ರು ನಾಳೆ ಟೆಸ್ಟ್ ಡ್ರೈವ್‌ಗೆ ಇಲ್ಲೇ ತರಾಕತ್ತಾರ. ನಮ್ಮ ಮನ್ಯಾಕಿ ಒಲ್ಲೆ ಅಂತಾಳ್ರಿ. 'ನಿಮ್ಮ ಉಸ್ತಾದ್ರು ನಡಿಸಿ ಹೂಂ ಅಂದ್ರ ನಾನೂ ಹೂಂ' ಅಂದಾಳ. ಬಂದ ಕೈ ಹಚ್ಚಬೇಕ್ರಿ."

ನಾನು ಶಕ್ಕುವಿನ ಕಡೆ ನೋಡಿದೆ. "ಗುರ್ತಿಲ್ಲದ ಗಾಡಿ ಬಂದೈತಿ" ಎಂದೆ.

ಮರುದಿನ ರವಿವಾರ. ಮುಂಜಾನೆ ಎಂಟಕ್ಕೆ ತಿಕೋಟಾದ ಹತ್ತಿರ ದಸ್ತಗೀರನ ಶೆಡ್ಡಿನ ಮುಂದಿದ್ದೆವು. ಕಾರು ಅಂಗಳದಲ್ಲಿ ನಿಂತಿತ್ತು. ನಿಂತಿತ್ತು ಎನ್ನುವುದು ಸರಿಯಲ್ಲ, ಮಲಗಿತ್ತು. ಎತ್ತರ ನನ್ನ ಸೊಂಟಕ್ಕೆ ಬರುತ್ತಿತ್ತು. ಬಣ್ಣ ಅರಿಸಿನ. ಸುತ್ತ ಆಗಲೇ ಮಂದಿ ನೆರೆದಿದ್ದರು. ಬಿಜ್ಜರಗಿ ಕಡೆಯಿಂದ ಕುರಿ ಹೊಡೆದುಕೊಂಡು ಬಂದಿದ್ದ ಒಬ್ಬ ಹಿರಿಯ, ಕೋಲಿನ ಮೇಲೆ ಗದ್ದವಿಟ್ಟುಕೊಂಡು ವಿಚಾರಣೆ ನಡೆಸಿದ್ದ.

"ಭಂಡಾರ ಹಚ್ಚಿದಂಗ ಐತಿ ಬಿಡ್ರಿ. ಎಷ್ಟು ಮಂದಿ ಕುಂದರ್ತಾರ?"

"ಇಬ್ಬರು" ಎಂದ ದಸ್ತಗೀರ.

"ಇಬ್ಬರ? ಹಿಂದ ಒಂದ ಟಗರರ ಹಿಡೀತೈತೋ?"

"ಇಲ್ಲೋ ಯಜ್ಜಾ, ಹಿಂದ ಇಂಜಿನ್ ಐತಿ."

"ಹಂಗಾರ ಇದು ಅಡ್ಡ್ಯಾಡಾಕ ಅಷ್ಟ" ಎಂದು ತೀರ್ಪು ಕೊಟ್ಟು ಹಿರಿಯ ತನ್ನ ಕುರಿಗಳ ಕಡೆ ನಡೆದ. ಕಾರು ತಂದಿದ್ದ ಕಂಪನಿಯ ತರುಣ ವಿವೇಕನ ಮುಖ ಸಣ್ಣಗಾಯಿತು. ಹುಬ್ಬಳ್ಳಿಯಿಂದ ಬಂದಿದ್ದ ಅವನು ಐನೂರು ಕುದುರೆಗಳ ಶಕ್ತಿಯ ಬಗ್ಗೆ ಆಗಷ್ಟೇ ಭಾಷಣ ಮುಗಿಸಿದ್ದ.

ಮೊದಲು ದಸ್ತಗೀರ ಒಂದು ಸುತ್ತು ಹೋಗಿಬಂದ. ಇಳಿದವನ ಕಣ್ಣು ಹೊಳೆಯುತ್ತಿದ್ದವು. ನನ್ನ ಸರದಿ ಬಂತು. ವಿವೇಕ ಬಹಳ ವಿನಯದಿಂದ, "ಸರ್, ತಪ್ಪು ತಿಳೀಬೇಡಿ, ತಮ್ಮ ವಯಸ್ಸು?" ಎಂದ.

"ಎಪ್ಪತ್ತೆರಡು. ಲೈಸೆನ್ಸ್ ಇಲ್ಲೈತಿ, ಕಣ್ಣಿನ ಡಾಕ್ಟರ ಚೀಟಿ ಇಲ್ಲೈತಿ. ಇನ್ನೇನರ ಬೇಕೇನಪಾ?"

ಎರಡನ್ನೂ ಓದಿ ನೋಡಿ ಅವನು ಬಾಗಿಲು ತೆರೆದ. ನಾನು ಒಳಗೆ ಕೂಡಲಿಲ್ಲ. ಗಾಡಿಯ ಸುತ್ತ ಒಂದು ಸಲ ನಡೆದು ನಾಲ್ಕೂ ಟೈರು ಮುಟ್ಟಿದೆ, ಬಗ್ಗಿ ಹೊಟ್ಟೆಯ ಕೆಳಗೆ ಎಣ್ಣೆ ಸೋರಿದೆಯೇ ನೋಡಿದೆ. ಸೈನ್ಯದಲ್ಲಿ ಕಲಿತದ್ದು. ಹೀಗೆ ಸುತ್ತದೆ ನನ್ನ ಸ್ಕೂಲಿನಲ್ಲಿ ಯಾರೂ ಚಾವಿ ತಿರುಗಿಸುವಂತಿರಲಿಲ್ಲ. "ಕಾರ್ ಹೊಸಾದು ಸರ್" ಎಂದ ವಿವೇಕ. "ಟೈರಿಗೆ ಅದು ಗೊತ್ತಿರೂದಿಲ್ಲ" ಎಂದೆ.

ಒಳಗೆ ಕೂಡುವುದೂ ಒಂದು ಕಸರತ್ತೇ. ಪಂಕ್ತಿಯ ಊಟಕ್ಕೆ ಮಣೆಯ ಮೇಲೆ ಕೂಡುವವರಂತೆ ಮೊದಲು ಕೆಳಗಿಳಿಯಬೇಕು, ಆಮೇಲೆ ಕಾಲು ಒಳಗೆಳೆದುಕೊಳ್ಳಬೇಕು. ಕೂತ ಮೇಲೆ ಮಾತ್ರ ಸೀಟು ಬೆನ್ನನ್ನು ಎರಡೂ ಕಡೆಯಿಂದ ಹಿಡಿದುಕೊಂಡಿತು. ಗುಂಡಿ ಒತ್ತಿದೆ. ಬೆನ್ನ ಹಿಂದೆ ಯಾವುದೋ ದೊಡ್ಡ ಪ್ರಾಣಿ ಎದ್ದು ಗಂಟಲು ಸರಿಮಾಡಿಕೊಂಡಂತಾಯಿತು. ನಲವತ್ತೈದು ವರ್ಷ ಮುಂದಿನ ಇಂಜಿನ್ನಿನ ಶಾಖದಲ್ಲಿ ಮೊಣಕಾಲು ಬೇಯಿಸಿಕೊಂಡವನಿಗೆ ಇಂಜಿನ್ನು ಹಿಂದಿರುವುದು ಬಹಳ ಮರ್ಯಾದೆಯ ಏರ್ಪಾಡೆನಿಸಿತು.

ರಸ್ತೆಗೆ ಬಂದೆವು. ಇಪ್ಪತ್ತು, ಮೂವತ್ತು, ನಲವತ್ತು. ಸ್ಟೇರಿಂಗನ್ನು ತಿರುಗಿಸಬೇಕಾಗಿಯೇ ಇರಲಿಲ್ಲ, ಎತ್ತ ನೋಡಿದೆನೋ ಅತ್ತ ಗಾಡಿ ಹೊರಡುತ್ತಿತ್ತು. ಆಹಾ ಎಂದುಕೊಳ್ಳುತ್ತಿದ್ದಂತೆ ಮುಂದೆ ರಸ್ತೆಯ ಉಬ್ಬೊಂದು ಬಂತು. ವೇಗ ಇಳಿಸಬೇಕು, ಗೇರು ಇಳಿಸಬೇಕು ಎಂದು ತಲೆ ಯೋಚಿಸುವ ಮೊದಲೇ ನನ್ನ ಎಡಗಾಲು ಕ್ಲಚ್ಚನ್ನು ಹುಡುಕಿ ಬಲವಾಗಿ ತುಳಿಯಿತು.

ಆ ಕಾರಿಗೆ ಕ್ಲಚ್ಚೇ ಇಲ್ಲ. ಅದು ತುಳಿದದ್ದು ಬ್ರೇಕು.

ಎಂಥ ಬ್ರೇಕು! ನನ್ನ ಹಳೆಯ ಲಾರಿ ನಿಲ್ಲಿಸಲು ಒಂದು ಫರ್ಲಾಂಗು ಮೊದಲೇ ಅರ್ಜಿ ಹಾಕಬೇಕಿತ್ತು. ಇದು ಗೋಡೆಗೆ ಹೊಡೆದ ಮೊಳೆಯಂತೆ ಇದ್ದಲ್ಲೇ ನಿಂತಿತು. ವಿವೇಕ ಬೆಲ್ಟಿನಲ್ಲಿ ಜೋತುಬಿದ್ದ, ಅವನ ತಂಪು ಕನ್ನಡಕ ಮುಂದಿನ ಗಾಜಿಗೆ ಬಡಿದು ನನ್ನ ತೊಡೆಗೆ ಬಂತು. ಪುಣ್ಯಕ್ಕೆ ಹಿಂದೆ ಯಾರೂ ಇರಲಿಲ್ಲ. ಹಿಂದಿನದನ್ನು ಕನ್ನಡಿಯಲ್ಲಿ ಮೊದಲೇ ನೋಡಿಕೊಂಡಿದ್ದೆ ಎಂಬುದನ್ನಾದರೂ ನನ್ನ ಪರವಾಗಿ ಬರೆದುಕೊಳ್ಳಿ.

"ಸರ್, ಇದರಲ್ಲಿ ಕ್ಲಚ್ ಇಲ್ಲ ಸರ್!"

"ಅದು ನನಗ ಗೊತ್ತೈತಿ. ಕಾಲಿಗೆ ಗೊತ್ತಿಲ್ಲ" ಎಂದು ಅವನ ಕನ್ನಡಕ ಒರೆಸಿ ಕೊಟ್ಟೆ.

ಕಾಲಿಗೆ ತಿಳಿಸಿ ಹೇಳಬೇಕಾಯಿತು. ಎಡಗಾಲನ್ನು ಪಕ್ಕದ ಪಟ್ಟಿಯ ಮೇಲೆ ಇಟ್ಟು, ಹಿಂದೆ ಹೊಸ ಜವಾನರಿಗೆ ಹೇಳುತ್ತಿದ್ದ ದನಿಯಲ್ಲೇ "ವಿಶ್ರಾಮ್!" ಎಂದೆ. ವಿವೇಕನೂ ನೆಟ್ಟಗೆ ಕೂತ. ಆಮೇಲೆ ಆ ಕಾಲು ಅಲುಗಲಿಲ್ಲ.

ಮುಂದಿನ ನೇರ ರಸ್ತೆ ಖಾಲಿಯಿತ್ತು. "ಒತ್ತಿ ಸರ್" ಎಂದ ವಿವೇಕ. ಒತ್ತಿದೆ. ಮೂರು ಉಸಿರು, ಹೆಚ್ಚೆಂದರೆ ನಾಲ್ಕು. ರಸ್ತೆಬದಿಯ ಜಾಲಿಗಿಡಗಳೆಲ್ಲ ಸೇರಿ ಒಂದೇ ಹಸಿರು ಗೋಡೆಯಾದವು. ನನ್ನ ಹೊಟ್ಟೆ ಮಾತ್ರ ಶೆಡ್ಡಿನ ಹತ್ತಿರವೇ ಉಳಿದು ಆಮೇಲೆ ಓಡಿ ಬಂದು ನನ್ನನ್ನು ಕೂಡಿಕೊಂಡಿತು. ಮುಳ್ಳು ನೂರನ್ನು ಮುಟ್ಟಿದ್ದೇ ಕಾಲು ತೆಗೆದೆ. "ಇನ್ನೂ ಇದೆ ಸರ್, ಮುನ್ನೂರರವರೆಗೆ!" ಎಂದ. "ಇರಲಿ ಬಿಡು, ಅದು ಗಾಡೀದು. ರಸ್ತೇದು ಇಷ್ಟ" ಎಂದೆ.

ಹಾಗೆಂದೆನಾದರೂ ಒಳಗೊಳಗೇ ನಗು ತಡೆಯಲಾಗುತ್ತಿರಲಿಲ್ಲ. ನಮ್ಮೂರು ಕಾಖಂಡಕಿಯಲ್ಲಿ ಹುಡುಗನಾಗಿದ್ದಾಗ ನನಗೊಂದು ಸೈಕಲ್ಲಿನ ರಿಮ್ಮು ಸಿಕ್ಕಿತ್ತು. ಕಡ್ಡಿಗಳಿಲ್ಲದ, ಟೈರಿಲ್ಲದ ಬರೀ ಗಾಲಿ. ಜೋಳದ ದಂಟಿನಿಂದ ಅದನ್ನು ಹೊಡೆಯುತ್ತ ಬಬಲೇಶ್ವರದಿಂದ ಬರುವ ಬಸ್ಸಿನ ಹಿಂದೆ ಓಡುತ್ತಿದ್ದೆ. ಬಸ್ಸು ಎಬ್ಬಿಸಿದ ಧೂಳಿನಲ್ಲಿ ಬಸ್ಸೂ ಕಾಣುತ್ತಿರಲಿಲ್ಲ, ಗಾಲಿಯೂ ಕಾಣುತ್ತಿರಲಿಲ್ಲ, ಅದರ ಕಣಕಣ ಸದ್ದಷ್ಟೇ. ಒಂದು ದಿನ ಬಸ್ಸು ಕೆಟ್ಟು ನಿಂತಾಗ ನಾನು ಅದನ್ನು ದಾಟಿ ಮುಂದೆ ಓಡಿದೆ. ಡ್ರೈವರು ಟೋಪಿ ತೆಗೆದು ನನಗೆ ಸಲಾಮು ಹೊಡೆದ. ಆ ದಿನ ರಾತ್ರಿ ಊಟ ಬೇಡವಾಗಿತ್ತು ನನಗೆ, ಎದೆಯೇ ತುಂಬಿತ್ತು. ಅರವತ್ತು ವರ್ಷದ ಮೇಲೆ ತಿಕೋಟಾದ ರಸ್ತೆಯಲ್ಲಿ ಎದೆ ಮತ್ತೆ ಹಾಗೆಯೇ ತುಂಬಿತು.

ಆದರೆ ಇದು ಗಾಡಿಯ ಪರೀಕ್ಷೆ. ನನ್ನದು ಇನ್ನೂ ಬಾಕಿ ಇತ್ತು.

ಶೆಡ್ಡಿಗೆ ಮರಳಿದಾಗ ಶಕ್ಕು ವಿವೇಕನ ಬಾಗಿಲ ಬಳಿಯೇ ನಿಂತಿದ್ದಳು. "ಇಳೀರಿ ಸರ, ಈಗ ನಾ ಕುಂದ್ರಾಕಿ." ಅವನು ಹಿಂಜರಿದ. ದಸ್ತಗೀರ ಅವನ ಹೆಗಲ ಮೇಲೆ ಕೈಯಿಟ್ಟು, "ಇವ್ರ ಕೈಯಾಗ ನಾ ಮೂರು ಸಲ ಫೇಲಾದ್ರೂ ಗಾಡಿಗೆ ಒಂದು ಗೀರು ಬಿದ್ದಿಲ್ಲೋ ತಮ್ಮಾ. ಬಾ, ಚಾ ಕುಡಿಯೂಣು" ಎಂದು ಒಳಗೆ ಕರೆದೊಯ್ದ.

ಶಕ್ಕು ಪರ್ಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅದರೊಳಗೆ ನನ್ನ ಚಾವಿ. ಬಿಜ್ಜರಗಿಯ ದಿಕ್ಕಿಗೆ ಹೊರಟೆವು. ಅರವತ್ತರ ಮೇಲೆ ಹೋಗಲಿಲ್ಲ.

"ಆ ತಂತಿ ಮ್ಯಾಲೆ ಎಷ್ಟು ಹಕ್ಕಿ ಅದಾವ ಹೇಳು" ಎಂದಳು.

"ನಡಿಸೂವಾಗ ಹಕ್ಕಿ ಎಣಿಸಿದವಂಗ ನಾ ಅಲ್ಲೇ ಇಳಿಸಿ ಮನೀಗೆ ಕಳಸ್ತಿದ್ದೆ. ನೀ ಕೇಳಬ್ಯಾಡ, ನಾನ ಹೇಳ್ತೇನಿ."

ನನ್ನ ಸ್ಕೂಲಿನ ಪದ್ಧತಿಯೇ ಅದಾಗಿತ್ತು. ಕಲಿಯುವವನು ಕಣ್ಣಿಗೆ ಬಿದ್ದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಗಾಡಿ ನಡೆಸಬೇಕು. ನಾಚಿಕೆಯವರು ಮೊದಲ ವಾರ ಗೊಣಗುತ್ತಿದ್ದರು, ಎರಡನೆಯ ವಾರಕ್ಕೆ ಕೂಗುತ್ತಿದ್ದರು. ಈಗ ನಾನೇ ಶುರು ಮಾಡಿದೆ.

"ಎಡಕ ಸೈಕಲ್ಲು, ಜ್ವಾಳದ ಕಣಿಕಿ ಹೊರಿ ಐತಿ, ಅಗಲ ಬಿಡಬೇಕು. ಬಲಕ ಹೆಣ್ಣಮಗಳು, ದಾಟಾಕಿ ಅಲ್ಲ, ನಿಂತಾಳ. ಮುಂದ ಎಡಕ ಜಾಲಿ ಕಂಟಿ ಹಿಂದ ಆಡು. ಮೂರು. ಹಗ್ಗ ಇಲ್ಲ."

"ಎಲ್ಲಿ ಆಡು?"

"ಅಲ್ಲೇ ನೋಡು, ಕರೇವು ಎರಡು, ಒಂದು ಚುಕ್ಕಿ ಚುಕ್ಕಿ ಕಬರಿ."

"ಸುಳ್ಳ ಹೇಳಬ್ಯಾಡ ಯಪ್ಪಾ."

ನಾನು ವೇಗ ಇಳಿಸಿದೆ. ಕಂಟಿಯ ಹಿಂದಿನಿಂದ ಎರಡು ಕರಿಯವು ಜಿಗಿದು ರಸ್ತೆ ದಾಟಿದವು. ಕಬರಿ ನಡುರಸ್ತೆಯಲ್ಲಿ ನಿಂತು ನಮ್ಮ ಅರಿಸಿನದ ಕಾರನ್ನು ಒಂದು ಕ್ಷಣ ನೋಡಿ, ಮೆಚ್ಚದೆ ಹೋಯಿತು.

"ಮುಂದ ದೂರ ಟ್ರ್ಯಾಕ್ಟರು. ಎರಡು ಟ್ರೇಲಿ, ಕಬ್ಬು. ಬಾಜೂಕ್ಕ ನಿಂತೈತಿ. ಹಿಂದ ಲೈಟಿಲ್ಲ."

ಈ ಮಾತು ಹೇಳುವಾಗ ನನ್ನ ದನಿ ಸ್ವಲ್ಪ ಬದಲಾಯಿತು, ಅವಳ ಕೈ ಪರ್ಸಿನ ಮೇಲೆ ಬಿಗಿಯಾಯಿತು. ಇಬ್ಬರಿಗೂ ಆ ಸಂಜೆಯೇ ನೆನಪಾಗಿರಬೇಕು. ಅವಳು ಮುಂದೆ ಬಾಗಿ ನೋಡಿದಳು. ಇನ್ನೂ ಬಾಗಿದಳು. ಆಗ ನಾನು ಅವಳ ಮುಖ ಕಂಡೆ. ಕಣ್ಣು ಕಿರಿದು ಮಾಡಿ, ಮೂಗಿನ ಬುಡದಲ್ಲಿ ಎರಡು ಗೆರೆ ಮೂಡಿಸಿಕೊಂಡು ನೋಡುತ್ತಿದ್ದಳು.

ಆ ಎರಡು ಗೆರೆಗಳನ್ನು ನನ್ನ ವಿದ್ಯಾರ್ಥಿಗಳ ಮುಖದಲ್ಲಿ ನಾನು ಇಪ್ಪತ್ತೆಂಟು ವರ್ಷ ನೋಡಿದ್ದೇನೆ.

ಟ್ರ್ಯಾಕ್ಟರಿನ ಹಿಂದೆ, ಮೂವತ್ತು ಹೆಜ್ಜೆ ದೂರದಲ್ಲಿ ಗಾಡಿ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ನು ಬಂದ್ ಮಾಡಿದೆ. ಯಾವ ವಿದ್ಯಾರ್ಥಿ ಬಂದರೂ ಮೊದಲ ದಿನ ನಾನು ಮಾಡಿಸುತ್ತಿದ್ದುದು ಇದೊಂದನ್ನೇ.

"ಶಕ್ಕು, ಆ ಟ್ರೇಲಿ ನಂಬರ್ ಓದು."

"ಪರೀಕ್ಷಾ ನಿಂದು, ನಂದಲ್ಲ."

"ಓದು, ಅಂದ್ನೆಲ್ಲಾ."

"ಮೂರು... ಅಲ್ಲ, ಎಂಟು. ಎಂಟು, ಸೊನ್ನಿ..." ನಿಲ್ಲಿಸಿದಳು. ಕಣ್ಣುಜ್ಜಿಕೊಂಡಳು. "ಬಿಸಲು ಹೊಡ್ಯಾಕತ್ತೈತಿ."

"ಬಿಸಲು ನಮ್ಮ ಬೆನ್ನಿಗೈತಿ. ಎಂಟು, ಆರು, ಆರು, ಮೂರು. ಇಳದ ಹೋಗಿ ನೋಡ ಬಾ."

ಅವಳು ಇಳಿದು ಹೋದಳು. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಅಲ್ಲಿ ನಿಂತು ಓದಿದಳು. ನಂಬರು ನಾನು ಹೇಳಿದ್ದೇ. ಮರಳಿ ಬರುವಾಗ ನಗು ತಡೆಯಲು ತುಟಿ ಕಚ್ಚಿದ್ದಳು, ಆದರೆ ಮುಖದಲ್ಲಿ ಗಾಬರಿಯೂ ಇತ್ತು.

"ಎಷ್ಟು ದಿವಸಾತು ಹಿಂಗ?" ಎಂದು ಮೆಲ್ಲಗೆ ಕೇಳಿದೆ.

"ಬ್ಯಾಂಕಿನ್ಯಾಗ ಹತ್ತಿರದ್ದೆಲ್ಲ ಕಾಣಸ್ತೈತಲಾ. ದೂರದ್ದು ಮುಂದಿನ ತಿಂಗಳು ತೋರಸೂಣು ಅಂತ..." ಎಂದವಳು ತನ್ನ ಮಾತು ತನಗೇ ಕೇಳಿಸಿದಂತೆ ಅಲ್ಲಿಗೇ ನಿಲ್ಲಿಸಿದಳು.

ನಾನು ಬೈಯಲಿಲ್ಲ. ಬೈಯುವ ಅಧಿಕಾರ ನನಗೆಲ್ಲಿಂದ ಬರಬೇಕು? ಬಲಗೈ ಮಾತ್ರ ಮುಂದೆ ಚಾಚಿದೆ.

ಪರ್ಸು ತೆರೆದು ನನ್ನ ಚಾವಿ ತೆಗೆದು ಅಂಗೈಯಲ್ಲಿಟ್ಟಳು. ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ ನಾನು.

"ಮತ್ತೇನು?"

"ನಿನ್ನ ಸ್ಕೂಟರಿಂದು."

"ಯಪ್ಪಾ!"

"ಫೇಲಾದವ್ರ ಚಾವಿ ಪಾಸಾದವ್ರ ಕಡೆ ಇರಬೇಕು. ಈ ಕಾನೂನು ನೀನ ಮಾಡೀದಿ."

ಐನೂರು ಕುದುರೆಗಳ ಕಾರಿನಲ್ಲಿ ಕೂತು ನನ್ನ ಮಗಳು ತನ್ನ ಸ್ಕೂಟರಿನ ಚಾವಿಯನ್ನು ಗೊಂಚಲಿನಿಂದ ಬಿಡಿಸಿ ಕೊಟ್ಟಳು. ಅದಾದ ಮೇಲೆ ಇಬ್ಬರೂ ನಕ್ಕ ನಗುವಿಗೆ ಟ್ರ್ಯಾಕ್ಟರಿನ ನೆರಳಲ್ಲಿ ಮಲಗಿದ್ದ ಡ್ರೈವರು ಎದ್ದು ಕೂತ. ಎದ್ದದ್ದೇ ಆಯಿತೆಂದು, ಹಿಂದೆ ದೀಪ ಹಾಕಿಸಿಕೊಳ್ಳಲು ಅವನಿಗೂ ಎರಡು ಮಾತು ಹೇಳಿಯೇ ಹೊರಟೆ.

ಶೆಡ್ಡಿನಲ್ಲಿ ದಸ್ತಗೀರ, ಅವನ ಹೆಂಡತಿ, ವಿವೇಕ ಮೂವರೂ ಬಾಗಿಲಲ್ಲೇ ನಿಂತಿದ್ದರು. "ಏನಂತೀರಿ ಉಸ್ತಾದ್ರ?"

"ಗಾಡಿ ಪಾಸು. ನೂರಕ್ಕ ನೂರು. ಆದ್ರ ನೀ ಫೇಲು. ಟೈರ ನೋಡದ ಹತ್ತಿದಿ, ಹಿಂದಕ ಬಿಡೂವಾಗ ಇನ್ನೂ ಮುಂದ ನೋಡ್ತಿ. ಒಂದು ತಿಂಗಳು ದಿನಾ ಮುಂಜಾನೆ ಆರಕ್ಕ ನನ್ನ ಕಡೆ ಬಾ. ಆಮ್ಯಾಲೆ ಖರೀದಿ ಮಾತು." ನಾವು ಬಂದಾಗ ಬರೀ ಚಹಾ ಕೊಟ್ಟಿದ್ದ ಅವನ ಹೆಂಡತಿ ನನಗೆ ಮತ್ತೊಮ್ಮೆ ಚಹಾ ತಂದುಕೊಟ್ಟಳು, ಈ ಸಲ ಬಿಸ್ಕೀಟು ಕೂಡ ಇಟ್ಟಿದ್ದಳು.

ಮರುದಿನ ಹತ್ತಕ್ಕೆ ಶಕ್ಕುವಿನ ಕಣ್ಣಿನ ತಪಾಸಣೆ. ಒಂಬತ್ತಕ್ಕೆ ಅವಳು ಬಂದು ಎಡ ಸೀಟಿನಲ್ಲಿ ಕೂತಳು. ನಾಲ್ಕು ತಿಂಗಳ ಮೇಲೆ ನನ್ನ ಗಾಡಿಯ ಚಾವಿ ತಿರುಗಿಸಿದೆ. ಒಳಗಿನಿಂದ ಒಂದು ಸಣ್ಣ ಬಿಕ್ಕಳಿಕೆ ಬಂತು, ಅಷ್ಟೇ. ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು.

"ಚಾವಿ ಯಾರ ಕಡೆ ಇತ್ತು?" ಎಂದೆ.

ಶಕ್ಕು ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದೆ ಹೋಗಿ ನಿಂತಳು. ಭೀಮಣ್ಣ ಕೈಯಲ್ಲಿನ ಕೆಲಸ ಬಿಟ್ಟು ಬಂದ. ಕಿರಾಣಿ ಅಂಗಡಿಯ ಮೆಹಬೂಬ ಬಂದ. ಮೇಲಿನ ಮಹಡಿಯಿಂದ ನನ್ನ ಹೆಂಡತಿ, "ದೂಡ್ರಿ, ದೂಡ್ರಿ, ನಿನ್ನೆ ಐನೂರು ಕುದರಿ ಏರಿ ಬಂದಾರ, ಇವತ್ತು ಮೂರು ಮಂದಿ ಬೇಕಾಗ್ಯಾರ!" ಎಂದು ಹುರಿದುಂಬಿಸಿದಳು. ಓಣಿಯ ಇಳಿಜಾರಿನಲ್ಲಿ ಗಾಡಿ ಹತ್ತು ಮಾರು ಉರುಳಿತು, ಕೆಮ್ಮಿತು, ಮತ್ತೊಮ್ಮೆ ಕೆಮ್ಮಿತು, ಹೊಗೆ ಬಿಟ್ಟು ಹಿಡಿದುಕೊಂಡಿತು. ಓಣಿಯವರೆಲ್ಲ ಹೋ ಎಂದು ಕೂಗಿದರು. ಶಕ್ಕು ಓಡುತ್ತ ಬಂದು, ನಡೆಯುತ್ತಿದ್ದ ಗಾಡಿಯೊಳಗೆ ಹಾರಿ ಕೂತು, ಬಾಗಿಲು ಎಳೆದುಕೊಂಡು, ಏದುಸಿರು ಬಿಡುತ್ತಲೇ ಬೆಲ್ಟು ಹಾಕಿಕೊಂಡಳು.

ಆಸ್ಪತ್ರೆಯ ಮುಂದೆ ಇಳಿದಾಗ ಹತ್ತಕ್ಕೆ ಇನ್ನೂ ಐದು ನಿಮಿಷವಿತ್ತು.